ಕೌದಿಯ ಕೋಟು

ಒಡತಿಯ ಮೊಮ್ಮಗನ ತೊಟ್ಟಿಲಿಗೆಂದು, ಮನೆಗೆಲಸದ ಫಕೀರವ್ವನ ತಾಯಿ ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿದು ತಂದಿದ್ದಳು. ಒಡತಿ ಅದನ್ನು ಬಿಚ್ಚಿಯೂ ನೋಡದೆ, ಎರಡು ಬೆರಳಲ್ಲಿ ಎತ್ತಿ ಹಿತ್ತಲಿನ ನಾಯಿಯ ಮೂಲೆಗೆ ಎಸೆದಿದ್ದಳು.

"ಅಯ್ಯ, ಬಡತನದ ವಾಸನಿ!"

ಮುದುಕಿ ಆ ಮಾತನ್ನು ಕೇಳಿಸಿಕೊಂಡೇ ಮೆಟ್ಟಿಲಿಳಿದಿದ್ದಳು. ಮತ್ತೆ ಆ ಮನೆಗೆ ಬರಲಿಲ್ಲ.

ಈಗ ಕಾಲ ತಿರುಗಿತ್ತು. ದೊಡ್ಡ ಮನೆತನದ ಹೆಂಗಸರೆಲ್ಲ ಕೌದಿಯ ಕೋಟು ತೊಟ್ಟು ಮೆರೆಯುತ್ತಿದ್ದರು.

"ನನಗೂ ಒಂದು ಹೊಲದು ಕೊಡು ಫಕೀರವ್ವ. ಹಳೇ ಅರಿವೀದೇ ಆಗಬೇಕು. ಊರಾಗ ಇನ್ನೊಬ್ಬರ ಕಡೆ ಅಂಥಾದ್ದು ಇರಬಾರದು ನೋಡು."

"ಇರೂದಿಲ್ರಿ ಬಾಯಾರ. ಅಂಥಾದ್ದು ಊರಿಗೆ ಒಂದೇ ಐತಿ."

ಔತಣದ ದಿನ ಒಡತಿ ಕೋಟು ತೊಟ್ಟು ಸೋಫಾದಲ್ಲಿ ಕುಳಿತಳು. ಬಂದವರು ಮುಟ್ಟಿ ಮುಟ್ಟಿ ನೋಡಿದರು.

"ಎಷ್ಟು ಮೆತ್ತಗದರೀ! ಎಲ್ಲಿ ಸಿಕ್ಕಿತು?"

"ಅದು ನಮ್ಮನ್ಯಾಗಿನ ಗುಟ್ಟರೀ," ಒಡತಿ ಬೀಗಿದಳು.

ಫಕೀರವ್ವ ಚಹಾದ ತಟ್ಟೆಯನ್ನು ಕೆಳಗಿಟ್ಟು, ಒಳಗೆ ಹೋಗಿ ಹಿತ್ತಲಿನ ಬಾಗಿಲು ತೆರೆದಳು.

ಮುದಿ ನಾಯಿ ನೆಟ್ಟಗೆ ಒಡತಿಯ ಬಳಿಗೆ ಬಂದು ಕೋಟನ್ನು ಮೂಸಿತು, ಬಾಲ ಅಲ್ಲಾಡಿಸಿತು, ಅಂಚನ್ನು ಕಚ್ಚಿ ಹಿಡಿದು ತನ್ನ ಹಾಸಿಗೆಯನ್ನು ಮೂಲೆಗೆ ಎಳೆಯತೊಡಗಿತು.