ಕಾಗೆ ಕಾಲು, ಗುಬ್ಬಿ ಕಾಲು

ಹನ್ನೊಂದು ವರ್ಷ ಮುಟ್ಟಿನ ನೋವು ತಿಂದ ಮೇಲೆ ಅವಳ ಕಾಯಿಲೆಗೆ ಎಂಡೊಮೆಟ್ರಿಯೋಸಿಸ್ ಎಂಬ ಹೆಸರು ಸಿಕ್ಕಿತು. ಅಷ್ಟರಲ್ಲಿ ಒಂದು ಅಂಡಾಶಯ ಹೋಗಿತ್ತು. ಈ ರೋಗ ಪತ್ತೆಯಾಗುವುದು ಯಾಕಿಷ್ಟು ತಡ ಎಂದು ಸಂಶೋಧನೆ ನಡೆಸುತ್ತಿದ್ದ ದೊಡ್ಡ ಡಾಕ್ಟರು, ಅವಳ ಅನುಭವ ಕೇಳಲೆಂದು ಕರೆಸಿ ತಾವೇ ಮಾತಾಡತೊಡಗಿದರು.

"ಇಷ್ಟು ವರ್ಷ ಏನಮ್ಮಾ ಮಾಡ್ತಿದ್ರಿ?"

"ಮೊದಲು ತೋರಿಸಿದ ಡಾಕ್ಟ್ರು ಬರೆದಿದ್ದನ್ನ ಚಾಚೂ ತಪ್ಪದೆ ಮಾಡಿದೆ ಸಾರ್."

"ಯಾರವನು? ಅಂಥವರಿಂದಲೇ ನಮಗೆಲ್ಲ ಕೆಟ್ಟ ಹೆಸರು."

"ಹೆಸರು ಬೇಡ ಬಿಡಿ ಸಾರ್. ಚೀಟಿ ಇದೆ."

ಅವಳು ಕೊಟ್ಟ ಚೀಟಿಯ ಮೇಲ್ಭಾಗ ಹರಿದುಹೋಗಿತ್ತು. ಡಾಕ್ಟರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಕಿಟಕಿಯ ಬೆಳಕಿಗೂ ಹಿಡಿದರು.

"ಕಾಗೆ ಕಾಲು, ಗುಬ್ಬಿ ಕಾಲು. ಇವನಿಗೆ ಯಾರು ಡಿಗ್ರಿ ಕೊಟ್ಟರೋ."

ಕೊನೆಗೆ ಆಸ್ಪತ್ರೆಯ ಕೆಳಗಿದ್ದ ಮೆಡಿಕಲ್ ಶಾಪಿನಿಂದ ಪಂಚಾಕ್ಷರಿಯನ್ನು ಕರೆಸಿದರು. ಅವನು ಚೀಟಿ ನೋಡಿದವನೇ ಪಟಪಟನೆ ಓದಿಬಿಟ್ಟ.

"ನೋವಿನ ಮಾತ್ರೆ, ಹತ್ತು. ಅದರ ಕೆಳಗೆ, 'ಹುಡುಗಿಗೆ ಏನೂ ಇಲ್ಲ, ಬರೀ ನಾಟಕ. ಬೇಗ ಮದುವೆ ಮಾಡಿ, ಸರಿಹೋಗುತ್ತೆ' ಅಂತಿದೆ."

ಡಾಕ್ಟರು ಮೇಜು ತಟ್ಟಿ ನಕ್ಕರು.

"ಕೇಳಿದ್ರಾಮ್ಮಾ, ಎಂಥ ದಡ್ಡ ಅವನು. ಅಲ್ಲಯ್ಯಾ ಪಂಚಾಕ್ಷರಿ, ನನಗೇ ತಿಳೀದೇ ಇರೋದನ್ನ ನೀನು ಹೇಗೆ ಓದಿದೆ?"

"ದಿನಾ ಓದ್ತೀನಲ್ಲ ಸಾರ್, ನಿಮ್ಮ ಅಕ್ಷರ."