ಕೆರೆಯ ತಳದ ಬೆಳಕು

ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಸಾಯುವಾಗ ಆ ಹೊತ್ತಿನ ಬೆಳಕನ್ನು ತನ್ನ ಗಾಜಿನ ಚಿಪ್ಪಿನಲ್ಲಿ ಉಳಿಸಿ ಹೋಗುತ್ತದೆ. ಪುರಾತನ ಕೆರೆಯ ಕೆಸರಿನಲ್ಲಿ ಸಿಕ್ಕ ಚಿಪ್ಪುಗಳನ್ನು ಬಿಡಿಸಿ, ಗೋಡೆಯ ಮೇಲೆ ಬೀಳುವ ಬೆಳಕು ನೋಡಿ ವಿಂಗಡಿಸುವುದು ರೇಷ್ಮಾಳ ಕೆಲಸ. ಸೂರ್ಯ, ಚಂದ್ರ, ಮಿಂಚು ಎಂದು ಮೇಜಿನ ಮೇಲೆ ಮೂರೇ ಡಬ್ಬಿಗಳು. ಚಿಪ್ಪಿಗೆ ಎರಡು ಹೋಳು. ಒಂದೊಂದೂ ಒಂದೇ ಸಲ ಬೆಳಗಿ ಆರುತ್ತದೆ.

ಆ ಮಧ್ಯಾಹ್ನ ಮೇಲಿನ ಹೋಳು ಬಿಡಿಸಿದಾಗ ಗೋಡೆಯ ಮೇಲೆ ಕೆಂಪು ಬೆಳಕು ಕುಣಿಯಿತು.

“ಅಕ್ಕಾರ, ರೊಟ್ಟಿ ಆಮ್ಯಾಲೆ ತಿನ್ನೀರಂತ, ಲಗೂ ಬರ್ರಿ. ಇದು ಸೂರ್ಯಂದೂ ಅಲ್ಲ, ಚಂದ್ರಂದೂ ಅಲ್ಲ, ಮಿಂಚಂದೂ ಅಲ್ಲ.”

ಹಿರಿಯ ಸಹೋದ್ಯೋಗಿ ಗೌರಕ್ಕ ಓಡಿಬಂದು ಕಿಟಕಿ ಮುಚ್ಚಿದರು. “ಇಬ್ಬರು ನೋಡಿದ್ರಷ್ಟ ಹೊಸ ಜಾತಿ ಬೆಳಕು ಅಂತ ಒಪ್ಪತಾರ. ಉಳಿದಿದ್ದು ಒಂದ ಹೋಳು. ಹುಷಾರಿ.”

ರೇಷ್ಮಾ ಉಸಿರು ಬಿಗಿಹಿಡಿದು ಸೂಜಿ ತಾಗಿಸಿದಳು. ಕೆಂಪು ಬೆಳಕು ಮೂಡಿತು, ಮಂಕಾಯಿತು. ಅಷ್ಟರಲ್ಲಿ ಅದರ ಪಕ್ಕ ಒಂದು ನೆರಳು ಬಾಗಿತು. ಬೆಳಕು ಭುಗ್ಗನೆ ಎದ್ದಿತು. ಆಮೇಲೆ ಗೋಡೆ ಕತ್ತಲಾಯಿತು.

“ನೋಡಿದೇನು? ಉರಿ ಕಡಿಮಿ ಆತು, ಯಾರೋ ಬಗ್ಗಿ ಊದಿದ್ರು,” ಎಂದರು ಗೌರಕ್ಕ.

ರೇಷ್ಮಾ ಕಪಾಟಿನಿಂದ ಖಾಲಿ ಡಬ್ಬಿಯೊಂದನ್ನು ಎತ್ತಿಕೊಂಡಳು. “ಮ್ಯಾಲೆ ಏನಂತ ಬರೀಲ್ರಿ?”

“ಒಲಿ ಅಂತ ಬರಿ.”