ಹದಿನೈದನೇ ಸೀಟಿ

ಗುಡ್ಡದ ಆಚೆಯಿಂದ ಮೂರು ಸಲ ಸೀಟಿ ಕೇಳಿಸಿತು. ಸ್ವಲ್ಪ ತಡೆದು ಮತ್ತೆ ಮೂರು ಸಲ. ಮೂರು ಸೀಟಿ ಅಂದರೆ ಯಾರೋ ಕಷ್ಟದಲ್ಲಿದ್ದಾರೆ ಅಂತ ಶಿಬಿರದ ಮಕ್ಕಳಿಗೆ ಭವ್ಯ ಬೆಳಿಗ್ಗೆ ತಾನೇ ಹೇಳಿಕೊಟ್ಟಿದ್ದಳು. ತಲೆ ಎಣಿಸಿದಳು. ಇಂದಿರಾನಗರದಲ್ಲಿ ಬಸ್ಸು ಹತ್ತಿದ ಹದಿನಾಲ್ಕು ಮಂದಿಯೂ ಕಣ್ಣೆದುರೇ ಇದ್ದರು, ಅವರವರ ಸೀಟಿ ಅವರವರ ಕೊರಳಲ್ಲೇ ಇತ್ತು.

"ಅದು ನಮ್ಮಪ್ಪ," ಅಂದಳು ವಿಭಾ. ಹದಿನಾರರ ಹುಡುಗಿ, ಮುಖ ಕೆಂಪಗಾಗಿತ್ತು. "ನೀವು ಕಳಿಸಿದ ಸಾಮಾನಿನ ಲಿಸ್ಟ್ ನೋಡಿ ಎರಡು ಸೀಟಿ ತಂದಿದ್ರು, ಒಂದು ಅವರ ಹತ್ರಾನೇ ಇದೆ. ನನ್ನ ವಾಪಸ್ ಕರ್ಕೊಂಡು ಹೋಗೋಕೇ ಬಂದಿರೋದು ಅಕ್ಕಾ. ನಾನು ಹೋಗಲ್ಲ."

"ಇಂದಿರಾನಗರದಿಂದ ಬಸ್ಸಿನ ಹಿಂದೇನೇ ಬಂದ್ರಾ? ಸೂಪರ್ ಮಗಾ!" ಪಕ್ಕದಲ್ಲಿದ್ದ ಹುಡುಗ ನಿತೀಶ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಆರು ವರ್ಷದಿಂದ ಮಕ್ಕಳನ್ನು ಗುಡ್ಡ ಹತ್ತಿಸುತ್ತಿದ್ದವಳು ಭವ್ಯ. ತಾನೇ ಓಡಬಹುದಿತ್ತು. ಓಡಲಿಲ್ಲ. ಔಷಧಿ ಚೀಲವನ್ನು ವಿಭಾಳ ಹೆಗಲಿಗೆ ಹಾಕಿದಳು. "ಟೀಮ್ ನಿಂದು. ನಾನು ಹಿಂದೆ ಇರ್ತೀನಿ, ನಡಿ."

ವಿಭಾಳ ಅಪ್ಪ ವೆಂಕಟಾಚಲ, ಒಂದು ಬಂಡೆಯ ಬುಡದ ಮುಳ್ಳುಪೊದೆಯಲ್ಲಿ ಕೂತಿದ್ದರು. ಕಾಲು ಉಳುಕಿ ಬಾತುಕೊಂಡಿತ್ತು, ಮೊಸರನ್ನದ ಡಬ್ಬಿಯನ್ನು ಮಾತ್ರ ಎದೆಗವಚಿಕೊಂಡೇ ಇದ್ದರು.

"ದೂರದಿಂದ ನೋಡ್ಕೊಂಡು ಹೋಗೋಣ ಅಂತ ಬಂದೆ ಮೇಡಂ. ಇವಳು ಒಂದಿನಾನೂ ಹೊರಗೆ ಮಲಗಿದವಳಲ್ಲ. ಇವತ್ತೇ ಕರ್ಕೊಂಡು ಹೋಗ್ತೀನಿ."

"ಇಲ್ಲಿ ಲೀಡರ್ ಅವಳು. ಅವಳನ್ನೇ ಕೇಳಿ ಸಾರ್."

ವಿಭಾ ಆಗಲೇ ಮಂಡಿಯೂರಿದ್ದಳು. "ಬೆರಳು ಆಡಿಸಿ ಅಪ್ಪಾ. ನೋವಾಗುತ್ತಾ? ಇಲ್ಲಿ? ಸರಿ, ಮುರಿದ ಹಾಗಿಲ್ಲ." ಟವೆಲ್ ಸುತ್ತಿ ಪಟ್ಟಿ ಕಟ್ಟಿದಳು. ಎರಡು ಬಿದಿರು ಕೋಲುಗಳನ್ನು ಮೂರು ಜಾಕೆಟ್ಟಿನ ತೋಳುಗಳಲ್ಲಿ ತೂರಿಸಿ ಡೋಲಿ ಮಾಡಿಸಿದಳು. ಪಟ್ಟಿಯ ಒಂದು ಗಂಟು ಸಡಿಲ ಕಂಡು ಭವ್ಯಳ ಕೈ ತುರಿಸಿತು. ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಬಿಚ್ಚಿ ಬಿಗಿಯಾಗಿ ಕಟ್ಟಿದಳು.

"ನಮ್ಮ ಬಸ್ಸಿನ ಡ್ರೈವರ್ ಮುನಾವರ್ ಅಣ್ಣ ನಿಮ್ಮ ಕಾರಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ಅಮ್ಮನೂ ಅಲ್ಲಿಗೇ ಬರ್ಲಿ, ಫೋನ್ ಮಾಡಿ. ನಾನು ನಾಳೆ ಎಲ್ಲರ ಜೊತೆ ಬರ್ತೀನಿ."

"ಅಲ್ಲಮ್ಮಾ, ರಾತ್ರಿ ಚಳಿ..."

"ಎತ್ರೋ," ಅಂದಳು ವಿಭಾ. ಆರು ಜನ ಎತ್ತಿದರು. ಡೋಲಿ ಪೊದೆಗಳ ನಡುವೆ ಕಾಲುದಾರಿ ಹಿಡಿಯಿತು.

ವೆಂಕಟಾಚಲ ಇನ್ನೂ ಏನೋ ಹೇಳಲು ಕೈ ಚಾಚಿದರು.

"ಅಪ್ಪಾ, ಮುಳ್ಳಿದೆ. ಕೈ ಒಳಗಿಟ್ಕೊಳ್ಳಿ."

ಬಸ್ಸಿನ ಕಿಟಕಿ ಪಕ್ಕ ಕೂತ ಮಗುವಿನ ಹಾಗೆ ಅವರು ಸರಕ್ಕನೆ ಕೈ ಒಳಗೆಳೆದುಕೊಂಡರು.